ಬೀಗ ಗಟ್ಟಿ, ಕಾವಲುಗಾರ ಮರುಳು



ಯೂನಿಕ್ಸ್ ವ್ಯವಸ್ಥೆಯಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನಿರುತ್ತಾನೆ. ಅದನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಅನುಮತಿಯೂ ನಮೂದಾಗಿರುತ್ತದೆ. ಈ ಕಟ್ಟಳೆಗೆ ಒಳಪಡದವನು 'ರೂಟ್' ಎಂಬ ಮೇಲಧಿಕಾರಿಯೊಬ್ಬನೇ. ಕೇಳುತ್ತಿರುವವನು ಯಾರೆಂಬುದನ್ನೇ ಯಂತ್ರವು ತಪ್ಪಾಗಿ ತಿಳಿದರೆ ಅನುಮತಿಗಳೆಲ್ಲ ವ್ಯರ್ಥ.

ನಮ್ಮ ನೆರೆಯ ಸ್ಯಾನ್ ಡಿಯಾಗೊದಲ್ಲಿ 1994ರ ಕ್ರಿಸ್‌ಮಸ್ ದಿನ ನಡೆದದ್ದು ಇದೇ. ಅಲ್ಲಿಯ ಸೂಪರ್‌ಕಂಪ್ಯೂಟರ್ ಕೇಂದ್ರದ ಸುತೋಮು ಶಿಮೊಮುರಾ ಅವರ ಒಂದು ಗಣಕವು ಇನ್ನೊಂದನ್ನು ಗುಪ್ತಪದ ಕೇಳದೆಯೇ ನಂಬುತ್ತಿತ್ತು. ಆಗಂತುಕನು ಆ ನಂಬುಗೆಯ ಗಣಕವನ್ನು ಪೊಳ್ಳು ಕರೆಗಳಿಂದ ಮೂಕವಾಗಿಸಿ, ಅದರ ವಿಳಾಸವನ್ನು ತಾನು ಧರಿಸಿದನು. ಎದುರಿನ ಯಂತ್ರ ಕಳಿಸುವ ಕ್ರಮಸಂಖ್ಯೆಯನ್ನು ಮರಳಿ ಹೇಳದೆ ಮಾತು ಮುಂದುವರಿಯದು. ಆ ಉತ್ತರವಾದರೋ ಅವನಿಗೆ ತಲಪುವಂತಿರಲಿಲ್ಲ. ಆದರೆ ಸಂಖ್ಯೆಯು ಪ್ರತಿ ಸಂಪರ್ಕಕ್ಕೂ 1,28,000ದಷ್ಟೇ ಏರುತ್ತಿತ್ತು! ಕೂಡುವ ಲೆಕ್ಕ ಬಂದರೆ ಸಾಕಾಯಿತು. ಬಳಿಕ ರೂಟ್‌ನ ಹೆಸರಿನಲ್ಲಿಯೇ ನಂಬಿಕಸ್ಥರ ಪಟ್ಟಿಗೆ ಎರಡು ಕೂಡುಚಿಹ್ನೆಗಳನ್ನು ಸೇರಿಸಿದನು. ಎಲ್ಲಿಂದ ಯಾರೇ ಬಂದರೂ ಒಳಗೆ ಬಿಡು ಎಂಬುದು ಅದರ ಅರ್ಥ. ಇಷ್ಟಕ್ಕೆ ಹಿಡಿದದ್ದು 16 ಸೆಕೆಂಡಿಗೂ ಕಡಮೆ. ಕಡತಗಳೆಲ್ಲ ತೆರೆದುಬಿದ್ದವು.

ನನ್ನನ್ನು ಕಾಡುವ ಸಂಗತಿ ಬೇರೆ. ಈ ದೌರ್ಬಲ್ಯವನ್ನು ಬೆಲ್ ಲ್ಯಾಬ್ಸ್‌ನಲ್ಲಿ ರಾಬರ್ಟ್ ಮೋರಿಸ್ 1985ರಲ್ಲಿಯೇ ಬರೆದು ತೋರಿಸಿದ್ದರು. (1988ರಲ್ಲಿ ಅಂತರಜಾಲಕ್ಕೆ 'ಹುಳು' ಬಿಟ್ಟವರೂ ಅವರೇ.) ಒಂಬತ್ತು ವರ್ಷ ಕಳೆದರೂ ಅದು ಉಳಿದೇ ಇತ್ತು.

ಶಂಕೆ ಮೂಡಿದ್ದು ಲಾಸ್ ಏಂಜಲೀಸ್‌ನಲ್ಲಿ ಬೆಳೆದ, ಆಗ ತಲೆಮರೆಸಿಕೊಂಡಿದ್ದ ಕೆವಿನ್ ಮಿಟ್ನಿಕ್ ಮೇಲೆ. ಶಿಮೊಮುರಾ ಅವರ ನೆರವಿನಿಂದ 1995ರ ಫೆಬ್ರವರಿಯಲ್ಲಿ ರಾಲಿ ನಗರದಲ್ಲಿ ಅವರ ಬಂಧನವಾಯಿತು. ಕ್ರಮಸಂಖ್ಯೆಯು ಊಹೆಗೆ ನಿಲುಕದಂತಿರಬೇಕೆಂದು ಸ್ಟೀವನ್ ಬೆಲೊವಿನ್ 1996ರಲ್ಲಿ ವಿಧಾನವೊಂದನ್ನು ಸೂಚಿಸಿದರು. ಇಂದಿನ ಯಂತ್ರಗಳು ಅದೇ ಬಗೆಯ ಸಂಖ್ಯೆಯಿಂದ ಮಾತು ಆರಂಭಿಸುತ್ತವೆ.