ಜಿಂಕೆ ವೀಕ್ಷಣೆ: ಮನುಷ್ಯನ ವಾಸನೆಗೆ ಮರೆ ಒದಗಿಸುವ ಮನೆಯ ವಿಧಾನ ಮತ್ತು ಅದರ ಮಿತಿ

ಕಾಡಿನಲ್ಲಿ ಜಿಂಕೆಯಂತಹ ಪ್ರಾಣಿಯ ಸಮೀಪಕ್ಕೆ ಹೋಗುವವನನ್ನು ಅನೇಕ ವೇಳೆ ಮೊದಲು ಬಯಲು ಮಾಡುವುದು ಅವನ ಹೆಜ್ಜೆಯ ಸಪ್ಪಳವಲ್ಲ, ಮೈಯ ವಾಸನೆ. ಈ ವಾಸನೆಯನ್ನು ಮಣ್ಣು, ಹುಲ್ಲು, ಎಲೆ ಮುಂತಾದವುಗಳ ವಾಸನೆಯಿಂದ ಮುಚ್ಚುವ ಕ್ರಮ ಬೇಟೆಗಾರರಲ್ಲಿ ರೂಢಿಯಲ್ಲಿರುತ್ತದೆ. ಅಮೆರಿಕದಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಯಾಡುವವರು ಇದಕ್ಕಾಗಿ ಸೀಸೆಗಳಲ್ಲಿ ದೊರೆಯುವ ದ್ರವಗಳನ್ನು ಕೊಳ್ಳುತ್ತಾರೆ. ಮನೆಯಲ್ಲಿಯೇ ತಯಾರಿಸಿಕೊಳ್ಳುವವರೂ ಇದ್ದಾರೆ. ನಮ್ಮಲ್ಲಿ ಬೇಟೆ ನಿಷಿದ್ಧವಾಗಿರುವುದರಿಂದ ಈ ವಿಧಾನದ ಉಪಯೋಗವು ವೀಕ್ಷಣೆ, ಛಾಯಾಗ್ರಹಣ ಮತ್ತು ಅಧ್ಯಯನಗಳಿಗೆ ಸೀಮಿತವಾಗಿದೆ. ದಾವಣಗೆರೆಯ ವಿದ್ಯಾನಗರ ಮೊದಲಾದ ಬಡಾವಣೆಗಳಿಂದ ಹಾಗೂ ಹರಿಹರದಿಂದ ಪ್ರಾಣಿ ವೀಕ್ಷಣೆಗೆ ಹೊರಡುವ ಆಸಕ್ತರ ಮತ್ತು ವಿದ್ಯಾರ್ಥಿಗಳ ತಿಳಿವಳಿಕೆಗಾಗಿ ಈ ವಿವರಗಳನ್ನು ನೀಡಲಾಗಿದೆ.

ಕಾನೂನಿನ ಸ್ಥಿತಿ

ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 9ನೇ ಪ್ರಕರಣದಡಿ ಬೇಟೆಯನ್ನು ನಿಷೇಧಿಸಲಾಗಿದೆ. 1991ರ ತಿದ್ದುಪಡಿಯ ನಂತರ ಮೋಜಿನ ಬೇಟೆಗೆ ಪರವಾನಗಿ ನೀಡುವ ಪದ್ಧತಿಯೂ ಕೊನೆಗೊಂಡಿತು. ಅಧಿನಿಯಮದ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಉರುಳು ಹಾಕುವುದು, ಬಲೆ ಒಡ್ಡುವುದು, ಅಟ್ಟುವುದು, ಆಮಿಷವೊಡ್ಡುವುದು ಮತ್ತು ಇವುಗಳಿಗೆ ಯತ್ನಿಸುವುದೂ ಬೇಟೆಯೇ. ಹಬ್ಬದ ವಾಡಿಕೆ ಎಂಬ ಸಮಜಾಯಿಷಿಗೆ ಇದರಲ್ಲಿ ಅವಕಾಶವಿಲ್ಲ. ಒಂದನೇ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದಲ್ಲಿ ಅಥವಾ ಅಭಯಾರಣ್ಯದೊಳಗೆ ಬೇಟೆಯಾಡಿದಲ್ಲಿ 3ರಿಂದ 7 ವರ್ಷಗಳ ಕಾರಾಗೃಹ ವಾಸವನ್ನು ವಿಧಿಸಲಾಗುತ್ತದೆ. ಜೊತೆಗೆ ವಿಧಿಸುವ ಜುಲ್ಮಾನೆಯು, 2022ರ ತಿದ್ದುಪಡಿಯಂತೆ, ರೂ. 25,000ಕ್ಕೆ ಕಡಿಮೆ ಇರತಕ್ಕದ್ದಲ್ಲ. ಜಗಳೂರು ತಾಲ್ಲೂಕಿನ ಕೊಂಡುಕುರಿ ಮತ್ತು ರಾಣೇಬೆನ್ನೂರಿನ ಕೃಷ್ಣಮೃಗ ಎರಡೂ ಒಂದನೇ ಅನುಸೂಚಿಗೆ ಸೇರಿವೆ.

ಕೊಂಡುಕುರಿ ಮತ್ತು ವಾಸನೆ

ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಅರಣ್ಯವನ್ನು 2011ರಲ್ಲಿ ಕೊಂಡುಕುರಿಯ ಸಂರಕ್ಷಣೆಗಾಗಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಇದರ ವಿಸ್ತೀರ್ಣ ಸುಮಾರು 77 ಚದರ ಕಿ.ಮೀ. ಕೊಂಡುಕುರಿಯನ್ನು ಜನರು ಜಿಂಕೆಯೆಂದೇ ಕರೆಯುವುದುಂಟು. ವಾಸ್ತವವಾಗಿ ಇದು ಹುಲ್ಲೆಯ ಜಾತಿಗೆ ಸೇರಿದ್ದು, ಗಂಡಿಗೆ ಮಾತ್ರ ನಾಲ್ಕು ಕೊಂಬುಗಳಿರುತ್ತವೆ. ಹಿಂಡುಗಟ್ಟದೆ ಒಂಟಿಯಾಗಿ ಅಥವಾ ಜೋಡಿಯಾಗಿ ಪೊದೆಗಳ ನಡುವೆ ಸಂಚರಿಸುವ ಪ್ರಾಣಿಯಿದು. ಕಣ್ಣಿನ ಮುಂಭಾಗದ ಗ್ರಂಥಿಯ ಸ್ರಾವವನ್ನು ಗಿಡಗಳಿಗೆ ಒರೆಸಿ ಗುರುತು ಮಾಡುತ್ತದೆ. ಹಿಕ್ಕೆಯನ್ನು ಮತ್ತೆ ಮತ್ತೆ ಅದೇ ಸ್ಥಳದಲ್ಲಿ ಹಾಕಿ ರಾಶಿ ಮಾಡುತ್ತದೆ. ಇಷ್ಟೊಂದು ವ್ಯವಹಾರವನ್ನು ವಾಸನೆಯ ಮೂಲಕವೇ ನಡೆಸುವ ಪ್ರಾಣಿಯ ಎದುರು ಸಾಬೂನು, ತಲೆಗೆಣ್ಣೆ, ಬೀಡಿ ಇವುಗಳ ವಾಸನೆ ಹೊತ್ತು ಹೋಗುವವನಿಗೆ ಅದು ಕಾಣಸಿಗುವುದು ದುರ್ಲಭ.

ಮನುಷ್ಯನ ಬೆವರು ಆಗತಾನೆ ಸುರಿದಾಗ ಅಷ್ಟಾಗಿ ವಾಸನೆ ಬೀರುವುದಿಲ್ಲ. ಚರ್ಮದ ಮೇಲಿರುವ ಸೂಕ್ಷ್ಮಾಣುಜೀವಿಗಳು ಅದನ್ನು ವಿಭಜಿಸಿದಾಗ ವಾಸನೆ ಹುಟ್ಟುತ್ತದೆ. ಆದುದರಿಂದ ಮರೆಗಿಂತ ಮೊದಲು ಶುಚಿತ್ವ ಅಗತ್ಯ. ಕೊಳೆಯ ಮೇಲೆ ಎಲೆಯ ನೀರು ಸಿಂಪಡಿಸಿದರೆ ಪ್ರಾಣಿಗೆ ಎರಡೂ ವಾಸನೆಗಳು ತಿಳಿಯುತ್ತವೆ.

ತಯಾರಿಸುವ ಕ್ರಮ

ಹಿಂದಿನ ದಿನ ಬಟ್ಟೆಗಳನ್ನು ಸುವಾಸನೆಯ ಪುಡಿ ಬಳಸದೆ ಅಂಟುವಾಳದ ನೀರಿನಲ್ಲಿ ಒಗೆದು, ಅಡುಗೆಮನೆಯಿಂದ ದೂರದ ಬಯಲಿನಲ್ಲಿ ಒಣಗಿಸಬೇಕು. ಸ್ನಾನಕ್ಕೆ ಸೀಗೆಕಾಯಿ ಸಾಕು. ನಂತರ ತಂಗಡಿ, ಬಂದರಿಕೆ ಮುಂತಾಗಿ ಆ ಪ್ರದೇಶದಲ್ಲಿಯೇ ಬೆಳೆಯುವ ಗಿಡಗಳ ಎರಡು ಹಿಡಿ ಎಲೆ ಮತ್ತು ಒಂದು ಹಿಡಿ ಒಣಹುಲ್ಲನ್ನು ಎರಡು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ, ಆರಿಸಿ, ತೆಳುವಾದ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು. ಈ ನೀರನ್ನು ಬಟ್ಟೆ, ಟೋಪಿ, ಚೀಲಗಳ ಮೇಲೆ ಸಿಂಪಡಿಸಬಹುದು. ಎರಡು ದಿನ ಕಳೆದರೆ ಹುಳಿಯುತ್ತದೆ. ಚೆಲ್ಲಿ ಹೊಸದು ಮಾಡಿಕೊಳ್ಳುವುದು ಸೂಕ್ತ. ಕುದಿಸಲು ಸಮಯವಿಲ್ಲದವರು ಒಗೆದ ಬಟ್ಟೆಯನ್ನು ಹೊಲದ ಒಣಮಣ್ಣು ಮತ್ತು ಎಲೆಗಳೊಂದಿಗೆ ಗೋಣಿಚೀಲದಲ್ಲಿ ಒಂದು ರಾತ್ರಿ ಇಟ್ಟರೂ ಆದೀತು. ಖರ್ಚು ಏನೂ ಇಲ್ಲ. ಎಲೆ ಮತ್ತು ಮಣ್ಣನ್ನು ಸ್ವಂತ ಜಮೀನಿನ ಬದುವಿನಿಂದ ತೆಗೆದುಕೊಳ್ಳತಕ್ಕದ್ದು. ವನ್ಯಜೀವಿಧಾಮದೊಳಗಿನಿಂದ ಏನನ್ನೂ ಕೀಳುವಂತಿಲ್ಲ.

ನೀಲಗಿರಿ ಎಣ್ಣೆ, ಕರ್ಪೂರ, ಊದುಬತ್ತಿ ಇವು ಮನುಷ್ಯನಿಗೆ ಹಿತವಾಗಿದ್ದರೂ ಪ್ರಾಣಿಗೆ ಹೊಸ ವಾಸನೆಗಳೇ ಆಗಿವೆ. ದಾವಣಗೆರೆಯಿಂದ ಹೊರಡುವಾಗ ಮಂಡಕ್ಕಿ ಮೆಣಸಿನಕಾಯಿಯ ಪೊಟ್ಟಣವನ್ನು ಅದೇ ಚೀಲದಲ್ಲಿಟ್ಟುಕೊಂಡರೆ ಮೇಲಿನ ಎಲ್ಲಾ ಶ್ರಮ ವ್ಯರ್ಥ. ಪ್ರಾಣಿಗಳ ಮೂತ್ರ, ಹಿಕ್ಕೆಗಳನ್ನು ಬಳಸಲೇಬಾರದು. ಜಿಂಕೆಗಳಲ್ಲಿ ಮಿದುಳನ್ನು ನಾಶಪಡಿಸುವ ಒಂದು ಮಾರಕ ರೋಗವು ಮೂತ್ರದ ಮೂಲಕವೂ ಹರಡಬಹುದೆಂಬ ಕಾರಣಕ್ಕೆ ಅಮೆರಿಕದ ಕೆಲವು ರಾಜ್ಯಗಳು ಜಿಂಕೆ ಮೂತ್ರದ ಬಳಕೆಯನ್ನು ನಿಷೇಧಿಸಿವೆ. ಕೊಂಡುಕುರಿಯ ಹಿಕ್ಕೆಯ ರಾಶಿಗಳು ಆ ಪ್ರಾಣಿಯ ಇರುವಿಕೆಯನ್ನು ಗುರುತಿಸಲು ಅಧ್ಯಯನಕಾರರಿಗೆ ಮುಖ್ಯ ಆಧಾರ. ಅವುಗಳನ್ನು ಕದಲಿಸುವುದೂ ತಪ್ಪು.

ಗಾಳಿಯ ದಿಕ್ಕು

ಯಾವ ಮರೆಯೂ ವಾಸನೆಯನ್ನು ಸಂಪೂರ್ಣವಾಗಿ ಅಳಿಸಲಾರದು. ಉಸಿರು ನಿಲ್ಲಿಸಲು ಸಾಧ್ಯವಿಲ್ಲವಷ್ಟೆ. ಗಾಳಿ ಪ್ರಾಣಿಯ ಕಡೆಯಿಂದ ವೀಕ್ಷಕನ ಕಡೆಗೆ ಬೀಸುತ್ತಿದ್ದರೆ ಸಾಧಾರಣ ಶುಚಿತ್ವವೇ ಸಾಕಾಗುತ್ತದೆ. ತಿರುಗಿ ಬೀಸಿದರೆ ಉತ್ತಮ ಮರೆಯೂ ಫಲ ಕೊಡದು. ಒಲೆಯ ಬೂದಿಯನ್ನು ಸಣ್ಣ ಬಟ್ಟೆಯ ಗಂಟಿನಲ್ಲಿಟ್ಟುಕೊಂಡು ಆಗಾಗ ತಟ್ಟಿದರೆ ಅದು ತೇಲುವ ದಿಕ್ಕು ಕಾಣುತ್ತದೆ. ಗುಡ್ಡಗಳಿರುವ ಕಡೆ, ಬೇರೆ ಗಾಳಿ ಇಲ್ಲದಿದ್ದಲ್ಲಿ, ಮುಂಜಾನೆ ತಂಪು ಗಾಳಿ ಇಳಿಜಾರಿನಲ್ಲಿ ಕೆಳಕ್ಕೆ ಹರಿದು, ಬಿಸಿಲೇರಿದ ನಂತರ ಮೇಲಕ್ಕೆ ತಿರುಗುತ್ತದೆ. ಬೆಳಿಗ್ಗೆ ಆರು ಗಂಟೆಗೆ ಸರಿಯೆನಿಸಿದ ಸ್ಥಳ ಒಂಬತ್ತು ಗಂಟೆಗೆ ಸರಿಯಲ್ಲದಿರಬಹುದು.

ಕರಡಿಯ ಬಗ್ಗೆ ಎಚ್ಚರಿಕೆ

ಈ ವಿಧಾನದಲ್ಲಿ ಒಂದು ಅಪಾಯವಿದೆ ಮತ್ತು ಅದನ್ನು ಅನೇಕರು ಗಮನಿಸುವುದಿಲ್ಲ. ಬಯಲುಸೀಮೆಯ ಕಲ್ಲುಗುಡ್ಡ ಮತ್ತು ಕುರುಚಲು ಕಾಡುಗಳಲ್ಲಿ ಕರಡಿಗಳಿರುತ್ತವೆ. ಕರಡಿಗೆ ದೃಷ್ಟಿ ಮಂದ, ಘ್ರಾಣಶಕ್ತಿ ತೀಕ್ಷ್ಣ. ಮನುಷ್ಯ ದೂರದಲ್ಲಿರುವಾಗಲೇ ವಾಸನೆ ತಿಳಿದರೆ ಅದು ಸಾಮಾನ್ಯವಾಗಿ ಬೇರೆ ದಾರಿ ಹಿಡಿಯುತ್ತದೆ. ವಾಸನೆಯನ್ನೂ ಸಪ್ಪಳವನ್ನೂ ಅಡಗಿಸಿಕೊಂಡು ನಡೆಯುವವನು ಅದರ ಎದುರಿಗೆ ಹತ್ತು ಹೆಜ್ಜೆಯ ಅಂತರದಲ್ಲಿ ಹಠಾತ್ತನೆ ಕಾಣಿಸಿಕೊಂಡಂತಾಗುತ್ತದೆ. ಕರಡಿ ಮೇಲೆರಗುವ ಬಹುಪಾಲು ಪ್ರಕರಣಗಳು ಇಂತಹ ಅನಿರೀಕ್ಷಿತ ಭೇಟಿಯಿಂದಲೇ ಸಂಭವಿಸುತ್ತವೆ. ಆದುದರಿಂದ ವಾಸನೆಯ ಮರೆಯನ್ನು ಒಂದೆಡೆ ಕುಳಿತು ನೋಡುವಾಗ ಮಾತ್ರ ಬಳಸಬೇಕು. ಕುಳಿತುಕೊಳ್ಳುವ ಜಾಗಕ್ಕೆ ಹೋಗುವಾಗಲೂ ಬರುವಾಗಲೂ ಬೆಳಕಿರಬೇಕು, ಜೊತೆಗೆ ಸಿಬ್ಬಂದಿ ಇರಬೇಕು, ಮಾತನಾಡುತ್ತಾ ನಡೆಯಬೇಕು. ಜಿಂಕೆ ಓಡಿಹೋದರೆ ಮತ್ತೊಂದು ದಿನ ನೋಡಬಹುದು.

ಹರಿಹರದ ಕಡೆಯವರಿಗೆ

ತುಂಗಭದ್ರೆಯ ಆಚೆಗಿನ ರಾಣೇಬೆನ್ನೂರು ಕೃಷ್ಣಮೃಗ ವನ್ಯಜೀವಿಧಾಮವು 1974ರಲ್ಲಿ ಸ್ಥಾಪನೆಯಾದುದು. ಕೃಷ್ಣಮೃಗವು ತೆರೆದ ಹುಲ್ಲುಗಾವಲಿನ ಪ್ರಾಣಿ. ಅದು ಹೆಚ್ಚಾಗಿ ಕಣ್ಣನ್ನೇ ನಂಬುತ್ತದೆ. ಅಲ್ಲಿ ಎಲೆಯ ನೀರಿನಿಂದ ಹೆಚ್ಚಿನ ಪ್ರಯೋಜನವಿಲ್ಲ; ಮಾಸಲು ಬಣ್ಣದ ಉಡುಪು ಧರಿಸಿ, ಅನುಮತಿಸಿದ ದಾರಿಯಲ್ಲಿ ವಾಹನದಿಂದ ಇಳಿಯದೆ ನೋಡುವುದು ಒಳ್ಳೆಯದು.

ವನ್ಯಜೀವಿಧಾಮದ ಪ್ರವೇಶ ಹಾಗೂ ಛಾಯಾಗ್ರಹಣಕ್ಕೆ ಪೂರ್ವಾನುಮತಿ ಕಡ್ಡಾಯ. ಅರ್ಜಿಯಲ್ಲಿ ಉದ್ದೇಶ, ದಿನಾಂಕ ಮತ್ತು ಜೊತೆಗಿರುವವರ ಸಂಖ್ಯೆಯನ್ನು ನಮೂದಿಸಿ ಸಂಬಂಧಪಟ್ಟ ವಲಯ ಅರಣ್ಯಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸಬಹುದು. ವೀಕ್ಷಣೆಯ ವೇಳೆ ಉರುಳು, ತಂತಿ ಅಥವಾ ಬಲೆ ಕಂಡುಬಂದಲ್ಲಿ ಮುಟ್ಟದೆ, ಸ್ಥಳದ ಗುರುತು ಇಟ್ಟುಕೊಂಡು ಅದೇ ಕಛೇರಿಗೆ ತಿಳಿಸತಕ್ಕದ್ದು.