ಹಣ ಬಂತು, ಕಾರ್ಡ್ ಹೋಯ್ತು

ಉದಾಹರಣೆಗೆ ಕಾಗಾಲದ ಒಂದು ಮನೆ ಅಂದುಕೊಳ್ಳಿ. ಕುಮಟಾ ತಾಲೂಕು, ಅಘನಾಶಿನಿ ಅಳಿವೆ ಪಕ್ಕದ ಊರು. ಮಗ ಮೊದಲು ಬೆಂಗಳೂರಿನಲ್ಲಿ ಕೆಲಸ ಮಾಡ್ತಿದ್ದ, ಅಲ್ಲೇ ಒಂದು ಕ್ರೆಡಿಟ್ ಕಾರ್ಡ್ ಮಾಡಿಸಿದ್ದ. ಆಮೇಲೆ ದುಬೈಗೆ ಹೋದ. ಅದೇ ಖಾತೆಯ ಇನ್ನೊಂದು ಕಾರ್ಡ್ ಊರಿನಲ್ಲಿ ಅಮ್ಮನ ಹತ್ತಿರ ಇದೆ. ಔಷಧಿ, ಕರೆಂಟ್ ಬಿಲ್, ಗ್ಯಾಸ್ ಎಲ್ಲ ಅದರಲ್ಲೇ. ಒಂದು ತಿಂಗಳು 40 ಸಾವಿರ ರೂಪಾಯಿ ಬಾಕಿ ಇತ್ತು. ಮಳೆಗಾಲಕ್ಕೆ ಮೊದಲು ಮನೆ ರಿಪೇರಿ ಆಗಬೇಕು, ಖರ್ಚು ಬರತ್ತೆ ಅಂತ ಮಗ ಅಲ್ಲಿಂದ ನೇರವಾಗಿ ಕಾರ್ಡ್ ಖಾತೆಗೇ 3 ಲಕ್ಷ ಕಳಿಸಿದ.

ಮೂರೇ ದಿನಕ್ಕೆ ಕಾರ್ಡ್ ಬಂದ್. ಮುಂದಿನ ತಿಂಗಳು ‘ನಿಮ್ಮ ಖಾತೆ ಮುಚ್ಚಲಾಗಿದೆ’ ಅನ್ನೋ ಮೆಸೇಜ್. ಕಾರಣ? ‘ಆಂತರಿಕ ನೀತಿ’.

ಸಾಲ ಕಟ್ಟದವನ ಕಾರ್ಡ್ ಮುಚ್ಚಿದರೆ ಅರ್ಥ ಆಗತ್ತೆ. ಬಾಕಿಯ ಏಳು ಪಟ್ಟಿಗಿಂತ ಹೆಚ್ಚು ಕಟ್ಟಿದವನ ಕಾರ್ಡ್ ಯಾಕೆ ಮುಚ್ತಾರೆ?

ಇದು ಒಂದು ಮನೆಯ ಪ್ರಶ್ನೆ ಅಂದುಕೊಳ್ಳಬೇಡಿ. 2023-24ರಲ್ಲಿ ಹೊರದೇಶದಲ್ಲಿರುವ ಭಾರತೀಯರು ಮನೆಗೆ ಕಳಿಸಿದ ಹಣ ಸುಮಾರು 11,870 ಕೋಟಿ ಡಾಲರ್. ರಿಸರ್ವ್ ಬ್ಯಾಂಕಿನ ಸಮೀಕ್ಷೆ ಪ್ರಕಾರ ಅದರಲ್ಲಿ ಶೇ. 19.2ರಷ್ಟು ಬಂದಿದ್ದು ಯುಎಇಯಿಂದ. ಕರ್ನಾಟಕಕ್ಕೆ ಸಿಕ್ಕ ಪಾಲು ಶೇ. 7.7. ಭಟ್ಕಳ, ಹೊನ್ನಾವರ, ಕುಮಟಾದ ಎಷ್ಟೋ ಮನೆಗಳ ಅಡುಗೆ ಒಲೆ ಉರಿಯೋದು ಇದೇ ಹಣದಿಂದ.

ಈಗ ಬ್ಯಾಂಕಿನ ಕಂಪ್ಯೂಟರಿಗೆ ಏನು ಕಂಡಿತು ನೋಡೋಣ.

ಮೊದಲನೆಯದು, ವಿಳಾಸ ಮತ್ತು ಹಣ ತಾಳೆ ಆಗಲಿಲ್ಲ. ದಾಖಲೆಯಲ್ಲಿ ಈತ ಇನ್ನೂ ಬೆಂಗಳೂರು ನಿವಾಸಿ, ಹಣ ಬಂದಿದ್ದು ಹೊರದೇಶದಿಂದ. 1999ರ ಫೆಮಾ ಕಾಯ್ದೆ ಪ್ರಕಾರ ಕೆಲಸಕ್ಕೆ ಅಂತ ದೇಶ ಬಿಟ್ಟವರು ಹೊರಟಾಗಿನಿಂದಲೇ ಅನಿವಾಸಿ. ‘182 ದಿನ ಆಗಲಿ, ಆಮೇಲೆ ನೋಡೋಣ’ ಅಂತ ಬಹಳ ಜನ ಹೇಳ್ತಾರೆ. ಅವರು ಆದಾಯ ತೆರಿಗೆಯ ಲೆಕ್ಕವನ್ನು ತಂದು ಇಲ್ಲಿ ಸೇರಿಸ್ತಿದ್ದಾರೆ. ಹಳೆಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು, ಹೊರಗಿನ ಸಂಬಳಕ್ಕೆ ಎನ್‌ಆರ್‌ಇ ಖಾತೆ ತೆರೀಬೇಕು.

ಎರಡನೆಯದು, ಹೆಚ್ಚುವರಿ 2 ಲಕ್ಷ 60 ಸಾವಿರ. ಕಾರ್ಡಿಗೆ ಬೇಕಾದ್ದಕ್ಕಿಂತ ಹೆಚ್ಚು ಕಟ್ಟಿ, ಆಮೇಲೆ ‘ವಾಪಸ್ ಕೊಡಿ’ ಅಂತ ಕೇಳೋದು ಕಪ್ಪುಹಣ ಬಿಳಿ ಮಾಡುವವರ ಹಳೇ ದಾರಿ. ವಾಪಸ್ ಬಂದ ಹಣಕ್ಕೆ ಬ್ಯಾಂಕಿನದೇ ಮುದ್ರೆ ಬಿದ್ದಿರತ್ತೆ, ಅಲ್ವಾ? ಕಂಪ್ಯೂಟರ್ ಹುಡುಕ್ತಿರೋದು ಅದನ್ನೇ. ಮನೆ ರಿಪೇರಿ ವಿಷಯ ಅದಕ್ಕೆ ಹೇಗೆ ಗೊತ್ತಾಗಬೇಕು?

ಮೂರನೆಯದು, ಕಳಿಸಿದವರ ಹೆಸರು. ಗಲ್ಫಿನ ಎಕ್ಸ್‌ಚೇಂಜ್ ಹೌಸ್ ಮೂಲಕ ಬಂದ ಹಣದ ಎದುರು ಎಷ್ಟೋ ಸಲ ಮಗನ ಹೆಸರಿನ ಬದಲು ಆ ಸಂಸ್ಥೆಯ ಹೆಸರೇ ಇರತ್ತೆ. ಬ್ಯಾಂಕಿಗೆ ಅದು ಮೂರನೆಯವರ ಹಣ.

ನಾಲ್ಕನೆಯದು ನಮ್ಮ ಕರಾವಳಿಗೆ ಹೆಚ್ಚು ನೋವು ಕೊಡುವಂಥದ್ದು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ನಿರ್ಬಂಧ ಹಾಕಿದವರ ಪಟ್ಟಿಗಳಿವೆ. ಯುಎಪಿಎ ಕಾಯ್ದೆಯ 51ಎ ಕಲಮಿನ ಕೆಳಗೆ ಬ್ಯಾಂಕುಗಳು ತಮ್ಮ ಗ್ರಾಹಕರ ಹೆಸರನ್ನು ಆ ಪಟ್ಟಿ ಜೊತೆ ಹೋಲಿಸಿ ನೋಡಲೇಬೇಕು. ಅರಬಿ ಹೆಸರೊಂದನ್ನು ಇಂಗ್ಲಿಷಿನಲ್ಲಿ ನಾಲ್ಕೈದು ಥರ ಬರೀಬಹುದು. ಹಾಗಾಗಿ ಯಂತ್ರ ‘ಹತ್ತಿರದ’ ಹೆಸರುಗಳನ್ನೂ ಹಿಡಿಯತ್ತೆ. ಒಂದೇ ಹೆಸರಿನವರು ಬೀದಿಗೆ ಮೂವರಿರುವ ಊರಲ್ಲಿ ಇದರ ಏಟು ಯಾರಿಗೆ ಬೀಳತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಇಂಜಿನಿಯರಿಂಗ್ ತರಗತಿಯಲ್ಲಿ ಕಲಿಸೋ ಒಂದು ಲೆಕ್ಕ ಇಲ್ಲಿ ಉಪಯೋಗಕ್ಕೆ ಬರತ್ತೆ. 1 ಲಕ್ಷ ವ್ಯವಹಾರ ಇದೆ, ಅದರಲ್ಲಿ 100 ಮಾತ್ರ ಕಳ್ಳ ವ್ಯವಹಾರ ಅಂದುಕೊಳ್ಳಿ. ಯಂತ್ರ ನೂರಕ್ಕೆ 99 ಸಲ ಸರಿಯಾಗಿ ಹೇಳತ್ತೆ. ಬಹಳ ಒಳ್ಳೇ ಯಂತ್ರ! ಅದು 99 ಕಳ್ಳರನ್ನು ಹಿಡಿಯತ್ತೆ. ಜೊತೆಗೆ ಉಳಿದ 99,900ರಲ್ಲಿ ಶೇ. 1, ಅಂದರೆ 999 ಜನ ಪ್ರಾಮಾಣಿಕರನ್ನೂ ಹಿಡಿಯತ್ತೆ. ಸಿಕ್ಕಿಬಿದ್ದ ಹನ್ನೊಂದು ಜನರಲ್ಲಿ ಹತ್ತು ಜನ ನಿರಪರಾಧಿಗಳು. ಯಂತ್ರ ಕೆಟ್ಟಿಲ್ಲ. ಅದು ಬೆರಳು ತೋರಿಸಿದ ಮೇಲೆ ಮನುಷ್ಯರು ಕೂತು ನೋಡಬೇಕಿತ್ತು, ನೋಡಲಿಲ್ಲ. ತೊಂದರೆ ಇರೋದು ಅಲ್ಲಿ. ಒಂದು ಕಾರ್ಡಿನಿಂದ ಬರುವ ಲಾಭಕ್ಕಿಂತ ಒಂದು ವಿಚಾರಣೆಯ ಖರ್ಚು ಜಾಸ್ತಿ ಅನಿಸಿದರೆ, ಖಾತೆ ಮುಚ್ಚೋದೇ ಬ್ಯಾಂಕಿಗೆ ಸುಲಭ.

ಸರಿ, ಕಾರಣನಾದ್ರೂ ಹೇಳಬಹುದಲ್ಲ? ಇಲ್ಲೇ ಗಂಟು ಇರೋದು. 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ನಿಯಮದಂತೆ, ಅನುಮಾನಾಸ್ಪದ ವ್ಯವಹಾರವನ್ನು ಬ್ಯಾಂಕು ದಿಲ್ಲಿಯ ಹಣಕಾಸು ಗುಪ್ತಚರ ಘಟಕಕ್ಕೆ ವರದಿ ಮಾಡಬೇಕು. ಹಾಗೆ ವರದಿ ಮಾಡಿದ್ದನ್ನು ಗ್ರಾಹಕರಿಗೆ ಹೇಳೋ ಹಾಗಿಲ್ಲ. ಅದೇ ಹೊತ್ತಿಗೆ, ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನ ಏನು ಹೇಳತ್ತೆ? ಬ್ಯಾಂಕು ತಾನಾಗಿ ಕಾರ್ಡ್ ತಡೆಹಿಡಿದರೆ ತಕ್ಷಣ, ಕಾರಣ ಸಮೇತ, ಗ್ರಾಹಕರಿಗೆ ತಿಳಿಸಬೇಕು ಅನ್ನತ್ತೆ. ಒಂದು ನಿಯಮ ಬಾಯಿ ಮುಚ್ಚು ಅಂದರೆ ಇನ್ನೊಂದು ಬಾಯಿ ಬಿಡು ಅನ್ನತ್ತೆ. ನಡುವೆ ಸಿಕ್ಕಿದ ಬ್ಯಾಂಕು ಕಂಡುಕೊಂಡ ಉತ್ತರ ‘ಆಂತರಿಕ ನೀತಿ’. ಕಸ್ಟಮರ್ ಕೇರಿನ ಹುಡುಗನ ಮೇಲೆ ಕೂಗಾಡಿ ಪ್ರಯೋಜನ ಇಲ್ಲ. ಅವನ ಪರದೆ ಮೇಲೂ ಅಷ್ಟೇ ಇರತ್ತೆ.

ಹಾಗಾದರೆ ನಾವು ಮಾಡಬೇಕಾದ್ದೇನು?

ಹಣವನ್ನು ಮೊದಲು ನಿಮ್ಮದೇ ಎನ್‌ಆರ್‌ಇ ಖಾತೆಗೆ ತರಿಸಿ, ಅಲ್ಲಿಂದ ಕಾರ್ಡಿನ ಬಾಕಿ ಎಷ್ಟಿದೆಯೋ ಅಷ್ಟೇ ಕಟ್ಟಿ. ಮನೆ ಖರ್ಚಿನ ಹಣ ಅಪ್ಪ ಅಮ್ಮನ ಉಳಿತಾಯ ಖಾತೆಗೆ ಹೋಗಲಿ. ಕಳಿಸುವಾಗ ಉದ್ದೇಶ ಕೇಳ್ತಾರೆ, ‘ಕುಟುಂಬ ನಿರ್ವಹಣೆ’ ಅಂತ ಸ್ಪಷ್ಟವಾಗಿ ನಮೂದಿಸಿ. ಅದರ ರಸೀದಿ, ಸಂಬಳದ ಚೀಟಿ ಎರಡನ್ನೂ ಜೋಪಾನ ಮಾಡಿ.

ಕಾರ್ಡ್ ಮುಚ್ಚಿಯೇ ಬಿಟ್ಟಿದ್ದರೆ ಬರವಣಿಗೆಯಲ್ಲಿ ಮೂರು ಕೇಳಿ. ಕಾರಣ, ಖಾತೆ ಮುಚ್ಚಿದ ಪತ್ರ, ಉಳಿದ ಹಣ. ಹೆಚ್ಚುವರಿ ಕಟ್ಟಿದ ಹಣ ನಿಮ್ಮದು. ತನಿಖಾ ಸಂಸ್ಥೆಯ ಆದೇಶ ಇಲ್ಲದಿದ್ದರೆ ಬ್ಯಾಂಕು ಅದನ್ನು ಇಟ್ಟುಕೊಳ್ಳೋಕೆ ಬರೋದಿಲ್ಲ. ಆ ಕಾರ್ಡಿನಿಂದ ತಾನಾಗೇ ಕಡಿತ ಆಗ್ತಿದ್ದ ವಿಮೆ ಕಂತು, ಬಿಲ್ಲುಗಳನ್ನು ಅದೇ ದಿನ ಬೇರೆ ಕಡೆಗೆ ಹಾಕಿ, ಇಲ್ಲಾಂದ್ರೆ ಪಾಲಿಸಿ ನಿಂತುಹೋಗಬಹುದು. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿ ತೆಗೆದು ನೋಡಿ. ಬಾಕಿ ಇಲ್ಲದ ಖಾತೆಯನ್ನು ಸುಸ್ತಿ ಅಂತ ತೋರಿಸಿದ್ದರೆ ದೂರು ಕೊಡಿ. 30 ದಿನದಲ್ಲಿ ಸರಿಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2023ರಲ್ಲೇ ಹೇಳಿದೆ.

ಬ್ಯಾಂಕು 30 ದಿನದಲ್ಲಿ ಉತ್ತರ ಕೊಡದಿದ್ದರೆ, ಕೊಟ್ಟ ಉತ್ತರ ಸಮಾಧಾನ ತರದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರ ಹತ್ತಿರ ಹೋಗಬಹುದು. ಸಹಾಯವಾಣಿ 14448. ಒಂದು ಮಾತು ನೆನಪಿರಲಿ. ‘ನಮಗೆ ಈ ಗ್ರಾಹಕ ಬೇಡ’ ಅನ್ನೋ ವ್ಯಾಪಾರಿ ತೀರ್ಮಾನವನ್ನು ಅವರು ಪ್ರಶ್ನೆ ಮಾಡೋದಿಲ್ಲ. ಕಾರಣ ತಿಳಿಸಲಿಲ್ಲ, ಹಣ ಕೊಡಲಿಲ್ಲ, ತಪ್ಪು ವರದಿ ಹಾಕಿದರು ಅನ್ನೋ ಸೇವಾ ಲೋಪವನ್ನು ಕೇಳ್ತಾರೆ. ನಿಮ್ಮ ದೂರು ಅದರ ಮೇಲೇ ನಿಲ್ಲಲಿ.

ಬ್ಯಾಂಕುಗಳಿಗೂ ಒಂದು ಮಾತು. ಕಳ್ಳಹಣ ಹಿಡಿಯಬೇಡಿ ಅಂತ ಯಾರೂ ಹೇಳ್ತಿಲ್ಲ. ಗುಪ್ತ ವರದಿಯ ವಿಷಯ ಗುಪ್ತವಾಗೇ ಇರಲಿ. ಆದರೆ ‘ನೀವು ಅನಿವಾಸಿ ಅಂತ ಕಾಣತ್ತೆ, ದಾಖಲೆ ಕೊಡಿ’ ಅನ್ನೋಕೆ ಯಾವ ಕಾನೂನೂ ಅಡ್ಡಿ ಮಾಡೋದಿಲ್ಲ. ಸಾಲಗಾರರಿಗೆ ವಂಚಕ ಅನ್ನೋ ಪಟ್ಟ ಕಟ್ಟೋ ಮೊದಲು ಅವರ ಮಾತು ಕೇಳಬೇಕು ಅಂತ ಸುಪ್ರೀಂ ಕೋರ್ಟ್ 2023ರ ಮಾರ್ಚ್ 27ರಂದು ಹೇಳಿತು. ಅದು ದೊಡ್ಡ ಸಾಲಗಳ ಪ್ರಕರಣ. ಕೋಟಿಗಟ್ಟಲೆ ಸಾಲ ಮಾಡಿದವರಿಗೆ ಸಿಗುವ ಒಂದು ನೋಟಿಸು, ಬಿಸಿಲಲ್ಲಿ ದುಡಿದು ಮನೆಗೆ ಹಣ ಕಳಿಸಿದವರಿಗೆ ಸಿಗಬಾರದಾ?

ಆ ನೋಟಿಸು ಬರೋವರೆಗೆ ಕಾಯಬೇಡಿ. ನಿಮ್ಮ ಮನೆಯವರು ಯಾರಾದರೂ ಹೊರದೇಶದಲ್ಲಿದ್ದರೆ ಇವತ್ತು ರಾತ್ರಿ ಫೋನ್ ಮಾಡಿದಾಗ ಊಟ ಆಯ್ತಾ ಅಂತ ಕೇಳಿದ ಮೇಲೆ ಇದನ್ನೂ ಕೇಳಿ: ‘ನಿನ್ನ ಹಳೇ ಖಾತೆ ಬದಲಿ ಮಾಡಿಸಿದ್ಯಾ?’