ಬೆಕ್ಕಿನ ಸಕ್ಕರೆ ಕಾಯಿಲೆ: ಕರುಣೆಗೆ ಅಳತೆಯೂ ಬೇಕು



ಪ್ರಾಣಿಗಳ ಹಕ್ಕುಗಳ ಕುರಿತ ಜುಮಾ ಪ್ರವಚನದ ಬಳಿಕ ನಮ್ಮ ಮುಂದೆ ಒಂದು ಪ್ರಶ್ನೆ ಬಂತು. ಸಾಕಿದ ಬೆಕ್ಕಿಗೆ ಸಕ್ಕರೆ ಕಾಯಿಲೆ ಇದೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಬೇಕು ಎಂದು ವೈದ್ಯರು ಹೇಳಿದ್ದಾರೆ. ಇಷ್ಟೆಲ್ಲ ಮಾಡುವುದು ಸರಿಯೇ, ಮನೆಯವರ ಕೈಯಲ್ಲಿ ಇದು ಆಗುವ ಕೆಲಸವೇ? ಸರಿ, ಆಗುವ ಕೆಲಸವೂ ಹೌದು ಎಂಬುದೇ ನಮ್ಮ ಉತ್ತರ. ಆದರೆ ಅಂದಾಜಿನಲ್ಲಿ ಅಲ್ಲ, ಅಳತೆಯಲ್ಲಿ. ಇನ್ಸುಲಿನ್ ವಿಷಯದಲ್ಲಿ ಅಳತೆ ತಪ್ಪಿದ ಕರುಣೆ ಜೀವವನ್ನೇ ತೆಗೆಯಬಹುದು.

ದೀನ್ ಏನು ಹೇಳುತ್ತದೆ?

ಬೆಕ್ಕನ್ನು ಕಟ್ಟಿಹಾಕಿ, ತಾನೂ ಅನ್ನ ಕೊಡದೆ, ಹುಳಹುಪ್ಪಟೆ ತಿಂದು ಬದುಕಲೂ ಬಿಡದೆ ಸಾಯಿಸಿದ ಸ್ತ್ರೀ ಶಿಕ್ಷೆಗೆ ಗುರಿಯಾದ ವಿಷಯವನ್ನು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ಸಾಕಲು ಆಗದಿದ್ದರೆ ಬಿಟ್ಟುಬಿಡಬಹುದಲ್ಲ ಎಂದು ಕೆಲವರು ಇದರಿಂದ ಅರ್ಥ ಮಾಡಿಕೊಳ್ಳುತ್ತಾರೆ. ಆರೋಗ್ಯವಂತ ಬೆಕ್ಕು ಹೊರಗೆ ಬೇಟೆಯಾಡಿ ಬದುಕೀತು. ಇನ್ಸುಲಿನ್ ಬೇಕಾದ ಬೆಕ್ಕನ್ನು ಸಂತೆ ಮೈದಾನದಲ್ಲಿ ಬಿಟ್ಟು ಬಂದರೆ ಅದು ಬಿಡುಗಡೆಯಲ್ಲ, ನಿಧಾನದ ಸಾವು. ಅದು ನಮ್ಮ ಕೈಯಲ್ಲಿರುವ ಅಮಾನತ್.

ಗುರುತಿಸುವುದು ಹೇಗೆ?

ಬೆಕ್ಕು ಮೊದಲಿಗಿಂತ ಬಹಳ ನೀರು ಕುಡಿಯುತ್ತದೆ, ಪದೇ ಪದೇ ಮೂತ್ರ ಮಾಡುತ್ತದೆ, ಚೆನ್ನಾಗಿ ತಿಂದರೂ ತೂಕ ಇಳಿಯುತ್ತದೆ. ಕೆಲವು ಬೆಕ್ಕುಗಳು ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗುವಂತೆ ನಡೆಯುತ್ತವೆ. ಬೊಜ್ಜು ಬಂದ, ವಯಸ್ಸಾದ, ಸಂತಾನಹರಣ ಮಾಡಿಸಿದ ಗಂಡು ಬೆಕ್ಕುಗಳಲ್ಲಿ ಇದು ಹೆಚ್ಚು. ಸ್ಟೀರಾಯ್ಡ್ ಔಷಧ ಪಡೆದ ಬೆಕ್ಕಿಗೂ ಬರಬಹುದು. ಹೆದರಿದ ಬೆಕ್ಕಿನ ರಕ್ತದಲ್ಲಿ ಕಾಯಿಲೆ ಇಲ್ಲದೆಯೂ ಸಕ್ಕರೆ ಏರುತ್ತದೆ. ಆದ್ದರಿಂದ ಒಂದೇ ಪರೀಕ್ಷೆಯಿಂದ ತೀರ್ಮಾನಿಸದೆ ವೈದ್ಯರು ಮೂತ್ರವನ್ನೂ ನೋಡುತ್ತಾರೆ.

ನಮ್ಮದು ಪಶುಪಾಲನೆ ಬಲ್ಲ ಸೀಮೆ. ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಅಮೃತ್ ಮಹಲ್ ಎಂಬ ಹೆಸರು ಕೊಟ್ಟವರು ಟಿಪ್ಪು ಸುಲ್ತಾನರು. ಕಡೂರು, ತರೀಕೆರೆ, ಅಜ್ಜಂಪುರದವರು ಮೊದಲು ಹತ್ತಿರದ ಪಶು ಆಸ್ಪತ್ರೆಯಲ್ಲಿ ತೋರಿಸಲಿ. ಹೆಚ್ಚಿನ ಪರೀಕ್ಷೆ ಬೇಕೆಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ದೂರವಿಲ್ಲ.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

ಈ ಲೇಖನದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಿ. ನಮ್ಮ ಎಷ್ಟೋ ಮನೆಗಳಲ್ಲಿ ಹಿರಿಯರಿಗೆ ಸಕ್ಕರೆ ಕಾಯಿಲೆ ಇದೆ, ಫ್ರಿಜ್‌ನಲ್ಲಿ ಅವರ ಇನ್ಸುಲಿನ್ ಇರುತ್ತದೆ. ನಮ್ಮ ದೇಶದಲ್ಲಿ ಸಿಗುವ ಅನೇಕ ಬಾಟಲಿಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಅದರ ಸಿರಿಂಜಿಗೆ ಕೆಂಪು ಮುಚ್ಚಳ. ಬೆಕ್ಕುಗಳಿಗೆ ವೈದ್ಯರು ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಇನ್ಸುಲಿನ್‌ನಲ್ಲಿ ಒಂದು ಮಿಲಿಲೀಟರಿಗೆ 100 ಯೂನಿಟ್ ಇರುತ್ತದೆ. ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. ಗ್ಲಾರ್ಜಿನ್ ಅನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಒಂದರ ಗೆರೆಯವರೆಗೆ ಎಳೆದರೆ ಬೆಕ್ಕಿನ ಮೈಗೆ ಹೋಗುವುದು ಒಂದು ಯೂನಿಟ್ ಅಲ್ಲ, ಎರಡೂವರೆ ಯೂನಿಟ್. ನಾಲ್ಕು ಕಿಲೋ ತೂಕದ ಬೆಕ್ಕಿಗೆ ಆರಂಭದಲ್ಲಿ ಅರ್ಧ ಅಥವಾ ಒಂದು ಯೂನಿಟ್ ಮಾತ್ರ ಬರೆಯುವುದು ರೂಢಿ ಎಂಬುದನ್ನು ನೆನೆದರೆ ಅಪಾಯ ಎಷ್ಟೆಂದು ತಿಳಿಯುತ್ತದೆ.

ಆದ್ದರಿಂದ ಬೆಕ್ಕಿನ ಬಾಟಲಿ, ಸಿರಿಂಜು ಬೇರೆಯೇ ಡಬ್ಬಿಯಲ್ಲಿರಲಿ. ಅಜ್ಜನ ಪೆನ್ನು, ಸೂಜಿ ಹಂಚಿಕೊಳ್ಳಬೇಡಿ. ಅವರ ಸಕ್ಕರೆ ಮಾತ್ರೆ, ಹಾಗಲಕಾಯಿ ರಸ ಬೆಕ್ಕಿಗೆ ಬೇಡ.

ಚುಚ್ಚುವ ಹೊತ್ತು

ಎರಡು ಡೋಸ್‌ಗಳ ನಡುವೆ 12 ಗಂಟೆ ಇರಬೇಕು. ಫಜರ್‌ಗೆ ಒಂದು, ಮಗ್ರಿಬ್‌ಗೆ ಒಂದು ಎಂದು ಇಟ್ಟುಕೊಂಡರೆ ನೆನಪಿರುತ್ತದೆ ಎಂದು ಅನಿಸಬಹುದು. ಆದರೆ ನಮಾಝ್‌ನ ಸಮಯ ಸೂರ್ಯನ ಜೊತೆ ಸರಿಯುತ್ತದೆ: ನಮ್ಮ ಕಡೆ ಮಗ್ರಿಬ್ ನವೆಂಬರಿನಲ್ಲಿ ಆರರ ಆಸುಪಾಸು, ಜುಲೈನಲ್ಲಿ ಏಳರ ಹತ್ತಿರ. ಬೆಳಿಗ್ಗೆ 7, ಸಂಜೆ 7 ಎಂಬಂತೆ ಗಡಿಯಾರದ ಹೊತ್ತು ಇಟ್ಟುಕೊಳ್ಳಿ. ರಮಝಾನ್‌ನಲ್ಲಿ ಸಹರಿಗೆ ಎದ್ದಿದ್ದೇವೆಂದು ಆಗಲೇ ಚುಚ್ಚಬೇಡಿ. ಉಪವಾಸ ನಮಗೆ, ಬೆಕ್ಕಿಗಲ್ಲ.

ಮೊದಲು ಆಹಾರ, ಆಮೇಲೆ ಇನ್ಸುಲಿನ್. ಬೆಕ್ಕು ತಿನ್ನದಿದ್ದರೆ ಚುಚ್ಚದೆ ವೈದ್ಯರಿಗೆ ಫೋನ್ ಮಾಡಿ. ಪಕ್ಕೆಯ ಸಡಿಲ ಚರ್ಮವನ್ನು ಮೆಲ್ಲನೆ ಎತ್ತಿ, ಅದರ ಬುಡದಲ್ಲಿ ಚುಚ್ಚಬೇಕು. ಔಷಧ ಒಳಗೆ ಹೋಯಿತೋ ಕೂದಲಿಗೆ ಚೆಲ್ಲಿತೋ ಎಂಬ ಅನುಮಾನ ಬಂದರೆ ಮತ್ತೆ ಚುಚ್ಚಬೇಡಿ. ಒಂದು ಡೋಸ್ ತಪ್ಪಿದರೆ ಮುಂದಿನ ಸಲ ಎರಡರಷ್ಟು ಕೊಡಬೇಡಿ. ಮದುವೆಗೋ ಊರಿಗೋ ಹೋಗುವಾಗ ಮನೆಯಲ್ಲಿ ಉಳಿಯುವವರಿಗೆ ಡೋಸ್ ಬರೆದುಕೊಟ್ಟು ಹೋಗಿ. ಬಾಟಲಿ ಫ್ರಿಜ್‌ನಲ್ಲಿರಲಿ, ಐಸ್ ಕಟ್ಟುವ ಖಾನೆಯಲ್ಲಿ ಬೇಡ. ತಿಳಿಯಾದ ಗ್ಲಾರ್ಜಿನ್ ಮಸುಕಾದರೆ ಬಳಸಬೇಡಿ. ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ ಆಸ್ಪತ್ರೆಗೆ ಕೊಡಿ. ಕಸದ ರಾಶಿಯಲ್ಲಿ ಪೌರಕಾರ್ಮಿಕರ ಕೈಗೆ ಚುಚ್ಚಿದರೆ ಹೊಣೆ ನಮ್ಮದೇ.

ರಕ್ತ ಪರೀಕ್ಷೆ

ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಕಿವಿಯನ್ನು ಬೆಚ್ಚಗೆ ಮಾಡಿ, ಹಿಂದೆ ಹತ್ತಿ ಇಟ್ಟು, ಕಿವಿಯ ಹೊರ ಅಂಚಿನಲ್ಲಿ ಹೊಸ ಸೂಜಿಯಿಂದ ಚುಚ್ಚಿ. ಒಂದು ಹನಿ ಸಾಕು. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ಸಕ್ಕರೆಯನ್ನು ಇರುವುದಕ್ಕಿಂತ ಸ್ವಲ್ಪ ಕಡಿಮೆ ತೋರಿಸುತ್ತದೆ. ಅದೇ ಯಂತ್ರವನ್ನು ಪ್ರತಿ ಸಲ ಬಳಸಿದರೆ ಏರಿಳಿತ ತಿಳಿಯುತ್ತದೆ. ಬಳಸುವ ಯಂತ್ರ ಯಾವುದೆಂದು ವೈದ್ಯರಿಗೆ ಹೇಳಿ.

ಪ್ರತಿ ಡೋಸ್‌ಗೆ ಮೊದಲು ಪರೀಕ್ಷಿಸಿ. ದಿನಾಂಕ, ಹೊತ್ತು, ತಿಂದದ್ದು, ಸಕ್ಕರೆ, ಡೋಸ್ ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಆರಂಭದ ವಾರಗಳಲ್ಲಿ 200ಕ್ಕಿಂತ ಕಡಿಮೆ ಬಂದರೆ ಚುಚ್ಚುವ ಮೊದಲು ವೈದ್ಯರನ್ನು ಕೇಳಿ. ಇನ್ಸುಲಿನ್ ಎಷ್ಟು ಆಳಕ್ಕೆ ಕೆಲಸ ಮಾಡುತ್ತಿದೆ ಎಂದು ತಿಳಿಯಲು ಕೆಲವೊಮ್ಮೆ ಒಂದು ದಿನ ಎರಡು ಗಂಟೆಗೊಮ್ಮೆ, 12 ಗಂಟೆಗಳ ಕಾಲ ಪರೀಕ್ಷಿಸಲು ಹೇಳುತ್ತಾರೆ. ಒಂದು ದಿನದ ಏರಿಕೆ ನೋಡಿ ಡೋಸ್ ಏರಿಸಬೇಡಿ. ಅದು ವೈದ್ಯರ ಕೆಲಸ, ನೋಟ್‌ಬುಕ್ ನಿಮ್ಮ ಕೆಲಸ.

ಸಕ್ಕರೆ ಇಳಿದಾಗ

ಹೆಚ್ಚಾದ ಸಕ್ಕರೆ ಬೆಕ್ಕನ್ನು ಸಾಮಾನ್ಯವಾಗಿ ದಿನಗಳಲ್ಲಿ, ವಾರಗಳಲ್ಲಿ ಸೊರಗಿಸುತ್ತದೆ. ಇಳಿದ ಸಕ್ಕರೆ ಗಂಟೆಗಳಲ್ಲೇ ಕೊಲ್ಲಬಹುದು. ನಿತ್ರಾಣ, ತೂರಾಟ, ನಡುಕ, ಫಿಟ್ಸ್ ಕಂಡರೆ, ಅಥವಾ ಯಂತ್ರದಲ್ಲಿ 60ಕ್ಕಿಂತ ಕಡಿಮೆ ಬಂದರೆ, ಜೇನುತುಪ್ಪ ಅಥವಾ ಸಕ್ಕರೆ ಪಾಕವನ್ನು ಒಸಡಿಗೆ ಸವರಿ. ಫಿಟ್ಸ್ ಇರುವಾಗ ಬಾಯಿಗೆ ಸುರಿಯಬೇಡಿ, ಹಲ್ಲಿನ ನಡುವೆ ಬೆರಳಿಡಬೇಡಿ. ಚೇತರಿಸಿಕೊಂಡರೆ ತಿನ್ನಿಸಿ, ಕೂಡಲೇ ವೈದ್ಯರಿಗೆ ತಿಳಿಸಿ.

ಹಾಲು ಅನ್ನ, ಬಿಸ್ಕತ್ತು ನಿಲ್ಲಿಸಿ ಮಾಂಸ, ಮೀನು ಹೆಚ್ಚಿರುವ ಆಹಾರ ಕೊಟ್ಟರೆ, ಸರಿಯಾದ ಇನ್ಸುಲಿನ್ ಜೊತೆ ಕೆಲವು ಬೆಕ್ಕುಗಳು ಇನ್ಸುಲಿನ್ನೇ ಬೇಡವಾಗುವಷ್ಟು ಸುಧಾರಿಸುತ್ತವೆ. ಪರೀಕ್ಷೆ ನಿಲ್ಲಿಸಬಾರದು ಎನ್ನುವುದಕ್ಕೆ ಇದೂ ಒಂದು ಕಾರಣ: ನಿನ್ನೆಯ ಡೋಸ್ ಇಂದು ಹೆಚ್ಚಾಗಿರಬಹುದು. ಆಹಾರ ಬದಲಿಸುವ ಮುನ್ನವೂ ವೈದ್ಯರಿಗೆ ಹೇಳಿ.

ಹಲಾಲ್, ಶುದ್ಧಿ, ಖರ್ಚು

ಹಿಂದೆ ಇನ್ಸುಲಿನ್ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದ ಬರುತ್ತಿತ್ತು. ಪ್ರಾಣಿಗಳಿಗಾಗಿ ಹಂದಿಯದು ಈಗಲೂ ತಯಾರಾಗುತ್ತದೆ. ಆದರೆ ಇಂದಿನ ಗ್ಲಾರ್ಜಿನ್ ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನಿಂದ ತಯಾರಾಗುತ್ತದೆ. ಬೆಂಗಳೂರಿನ ಬಯೋಕಾನ್ ಯೀಸ್ಟ್ ಬಳಸಿಯೇ ಇನ್ಸುಲಿನ್ ಮಾಡುತ್ತದೆ. ಇದು ಸಿಗುವಾಗ ಸಂಕೋಚ ಬೇಕಿಲ್ಲ. ಬೆಕ್ಕಿನ ಎಂಜಲು ನಜೀಸ್ ಅಲ್ಲ ಎಂಬುದು ಅಬೂ ಕತಾದ(ರ)ರು ವುಝೂವಿನ ಪಾತ್ರೆಯನ್ನು ಬೆಕ್ಕಿಗೆ ಬಾಗಿಸಿ ಹಿಡಿದ ಹದೀಸ್‌ನಿಂದ ತಿಳಿಯುತ್ತದೆ. ಮೂತ್ರ ಮಾತ್ರ ನಜೀಸ್. ಈ ಕಾಯಿಲೆಯಲ್ಲಿ ಮೂತ್ರ ಹೆಚ್ಚು, ಆದ್ದರಿಂದ ಮುಸಲ್ಲಾವನ್ನು ಎತ್ತಿಡಿ.

ಮನೆಯವರ ಔಷಧ, ಮಕ್ಕಳ ಅನ್ನ ಮೊದಲು. ಅದನ್ನು ಕಡಿತ ಮಾಡಿ ಬೆಕ್ಕಿಗೆ ಖರ್ಚು ಮಾಡಲು ದೀನ್ ಹೇಳುವುದಿಲ್ಲ. ಹಣ ಸಾಲದಿದ್ದರೆ ವೈದ್ಯರಿಗೆ ಮುಚ್ಚುಮರೆಯಿಲ್ಲದೆ ತಿಳಿಸಿ. ಕಡಿಮೆ ಖರ್ಚಿನ ದಾರಿಯನ್ನು ಅವರೊಡನೆ ಹುಡುಕಬಹುದು. ಹೇಳದೆ ಡೋಸ್ ಕಡಿಮೆ ಮಾಡುವುದು, ರಾತ್ರಿ ಒಯ್ದು ಎಲ್ಲೋ ಬಿಟ್ಟು ಬರುವುದು ಬೇಡ.

ಮಾತು ಬಾರದ ಜೀವಗಳ ಮೇಲಿನ ಅಮಾನತನ್ನು ಅರಿವಿನಿಂದ, ಅಳತೆಯಿಂದ ನಿಭಾಯಿಸುವ ತೌಫೀಕ್ ಅನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ. ಆಮೀನ್.